ಎರಡನೆಯ ಗೆರೆ

ರೋಗವಿದ್ದರೆ ಮೂಡಬೇಕಾದ ಎರಡನೆಯ ಗೆರೆ ಡೆಂಗಿ ಪರೀಕ್ಷೆಯ ಸ್ಟ್ರಿಪ್ ಮೇಲೆ ಮೂಡಲೇ ಇಲ್ಲ. ಖಾನಾಪುರದ ಸಣ್ಣ ಲ್ಯಾಬಿನ ತಂತ್ರಜ್ಞೆ ತ್ರಿಶಲಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದಳು. ಅವಳು ಹಾಕಿದ್ದು ಬೆಳಗಾವಿಯಲ್ಲಿ ಡೆಂಗಿ ಖಚಿತವಾಗಿದ್ದ ರೋಗಿಯ ರಕ್ತ. ನಿನ್ನೆ ಜ್ವರದಿಂದ ಬಂದ ಹನ್ನೊಂದು ಮಂದಿಗೂ ಇದೇ ಡಬ್ಬಿಯ ಸ್ಟ್ರಿಪ್‌ಗಳು ರೋಗ ‘ಇಲ್ಲ’ ಎಂದಾಗಲೇ ಅವಳಿಗೆ ಸಂಶಯ ಬಂದಿತ್ತು.

ಬೆಳಗಾವಿಯಿಂದ ಡಬ್ಬಿ ತಂದಿದ್ದ ವ್ಯಾನ್ ಚಾಲಕ ತಾಲಿಬ ಬಾಗಿಲಲ್ಲೇ ನಿಂತಿದ್ದ.

“ಖರೇ ಹೇಳ್ರಿ ತಾಲಿಬಭಾಯಿ, ಡಬ್ಬಿ ಎಲ್ಲಿಟ್ಟಿದ್ರಿ?”

“ಐಸ್ ಪೆಟ್ಟಿಗ್ಯಾಗರೀ ಅಕ್ಕಾರ. ಎಷ್ಟ್ ಸಲ ಕೇಳ್ತೀರಿ?”

ತ್ರಿಶಲಾ ಸ್ಟ್ರಿಪ್ಪನ್ನು ಅವನ ಮುಂದಿಟ್ಟಳು. “ಇದರಾಗ ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಕಣ ಇರ್ತಾವ್ರಿ. ಅವಕ್ಕ ಪ್ರೋಟೀನ್ ಅಂಟಿಸಿರ್ತಾರ. ಆ ಪ್ರೋಟೀನ್ ರಕ್ತದಾಗಿನ ರೋಗದ ಗುರುತು ಹಿಡಕೊಂಡ್ರ ಬಂಗಾರದ ಕಣ ಗೆರಿ ಜಾಗದಾಗ ಗುಂಪಾಗಿ ನಿಂತು ಕೆಂಪಗ ಕಾಣ್ತಾವ. ಬಿಸಿ ತಾಗಿದ್ರ ಪ್ರೋಟೀನ್ ಕೆಡ್ತದ. ಆಗ ರೋಗ ಇದ್ರೂ ಗೆರಿ ಕಾಣೂದಿಲ್ಲ.”

“ಅಂದ್ರ ನಿನ್ನೆ ಇಲ್ಲ ಅಂದದ್ದು…”

“ಹನ್ನೊಂದರಾಗ ಒಂದೂ ನಂಬಾಕ ಬರೂದಿಲ್ಲ.”

ಆ ಹನ್ನೊಂದರಲ್ಲಿ ಅವನ ಮಗಳು ಮರಿಯಮಳದೂ ಒಂದು. ಜ್ವರ ಇಳಿಯದ ಅವಳನ್ನು ಅವನೇ ಕರೆತಂದು, ವರದಿ ನೋಡಿ ನಿಶ್ಚಿಂತೆಯಿಂದ ಮನೆಗೆ ಕರೆದೊಯ್ದಿದ್ದ.

“ಪೆಟ್ಟಿಗಿ ತುಂಬಿತ್ರೀ. ಎಂಜಿನ್ ಬಾಜೂಕ ಇಟ್ಟಿದ್ದೆ,” ಎಂದ ತಾಲಿಬ. ಅವಳು ಏನೂ ಅನ್ನುವ ಮೊದಲೇ ಕಿಸೆಯಿಂದ ವ್ಯಾನಿನ ಕೀಲಿ ತೆಗೆದ. “ಮರಿಯಮನ್ನ ಈಗ ಬೆಳಗಾವಿ ದವಾಖಾನಿಗೆ ಒಯ್ತೇನಿ. ಉಳಿದ ಹತ್ತು ಮಂದಿ ಮನಿ ಎಲ್ಲೆಲ್ಲಿ ಅದಾವ, ಬರದು ಕೊಡ್ರಿ.”