ಪೆಡಲಿಗೆ ಕಚ್ಚಿದ ಬೂಟು

"ನನ್ನ ಪೆಡಲಿಗೆ ಕಾಲು ಬಿಗಿಯೋ ಬೆಲ್ಟಾದ್ರೆ ಕೈಲಿ ಸಡ್ಲ ಮಾಡ್ಬೋದು ಕಣಪ್ಪ. ನಿನ್ನ ಹೊಸ ಬೂಟು ಅಡೀಲಿರೋ ಕೊಕ್ಕೇಲಿ ಪೆಡಲನ್ನೇ ಕಚ್ಕೊಂಡೈತಲ್ಲ," ಎಂದು ಪಕ್ಕದಲ್ಲೇ ಸೈಕಲ್ ತುಳಿಯುತ್ತಿದ್ದ ಯೋಗನರಸಿಂಹ ಅಣಕಿಸಿದ. "ನಾಳೆ ರೇಸಲ್ಲಿ ನೋಡು ಯೋಗಣ್ಣ," ಎಂದು ಗೌಸ್ ಪೀರ್ ನಗುವಷ್ಟರಲ್ಲಿ ತೊಂಡೇಬಾವಿಯ ರೈಲ್ವೆ ಗೇಟು ಎದುರಿಗೇ ಇಳಿಯಿತು.

ಬ್ರೇಕು ಹಿಡಿದ ಪೀರ್, ಬೆಲ್ಟಿನ ಕಾಲದ ಅಭ್ಯಾಸಕ್ಕೆ ಬಲಗಾಲನ್ನು ಹಿಂದಕ್ಕೆಳೆದ. ಬೂಟು ಬಿಡಲಿಲ್ಲ. ಮತ್ತೆ ಜಗ್ಗಿದ. ನಿಂತ ಸೈಕಲ್ಲು ಬಲಗಡೆಯಿದ್ದ ಜಲ್ಲಿರಾಶಿಯ ಕಡೆಗೆ ವಾಲತೊಡಗಿತು. ಕೈ ಮುರಿದರೆ ನಾಳೆಯ ರೇಸು ಇಲ್ಲೇ ಮುಗಿದಂತೆ. ತನ್ನ ಬೆಲ್ಟು ಸಡಿಲಿಸಲು ಬಗ್ಗಿದ್ದ ಯೋಗನರಸಿಂಹ ಅದನ್ನು ಬಿಟ್ಟು ಪೀರನ ಭುಜ ಹಿಡಿದ. ಈಗ ಇಬ್ಬರೂ ವಾಲಿದರು.

"ಎಳೀಬೇಡ್ವೋ. ಅಂಗಡೀಲಿ ಹೇಳಿದ್ದು ಮರ್ತೋದ್ಯಾ? ಹಿಮ್ಮಡಿ ಆಚೆಗೆ ತಿರುಗ್ಸು."

ತಿರುಗಿಸಿದ. ಬೂಟು ಟಕ್ಕೆಂದು ಕಳಚಿತು. ಜಲ್ಲಿಯಲ್ಲಿ ಊರಿದ ಪೀರನ ಒಂಟಿ ಕಾಲು, ಬೆಲ್ಟಿನೊಳಗೇ ಸಿಕ್ಕಿಕೊಂಡಿದ್ದ ಯೋಗನರಸಿಂಹನ ಭಾರವನ್ನೂ ಹೊತ್ತು ನಿಂತಿತು.