ಹನ್ನೆರಡನೆಯ ಕುರ್ಚಿ

ಹನ್ನೆರಡು ಕುರ್ಚಿ ಹಾಕಿಸಿ ಆಗಿತ್ತು, ಕೂತವರು ಮಾತ್ರ ಹನ್ನೊಂದು ಜನ. ಯೇಸು ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ, ಶುಭ ಶುಕ್ರವಾರದ ಹಿಂದಿನ ಸಂಜೆ, ಬೆಟಗೇರಿಯ ಆ ಚರ್ಚಿನವರು ಈ ಸಲ ಊರಿನ ಹನ್ನೆರಡು ದುಡಿಯುವ ಜನರ ಕಾಲು ತೊಳೆಯುವುದೆಂದು ಠರಾವು ಮಾಡಿದ್ದರು. ಜಾತಿ ಮತ ಕೇಳುವಂತಿರಲಿಲ್ಲ. ಕಸ ಗುಡಿಸುವವರು, ಹಮಾಲರು, ನೇಕಾರರು, ಚಪ್ಪಲಿ ಹೊಲಿಯುವ ಒಬ್ಬ ಮುದುಕ, ಎಲ್ಲರೂ ಹೇಳಿದ ಹೊತ್ತಿಗೆ ಬಂದಿದ್ದರು. ಆಟೋದ ದಾದಾಪೀರ ಮಾತ್ರ ಲಕ್ಷ್ಮೇಶ್ವರಕ್ಕೆ ಬಾಡಿಗೆ ಸಿಕ್ಕಿತೆಂದು ಹೊರಟುಹೋಗಿದ್ದ. ಬಂದ ಬಾಡಿಗೆ ಬಿಟ್ಟು ಕಾಲು ತೊಳೆಸಿಕೊಳ್ಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಅದೇ ಹೊತ್ತಿಗೆ ಖೈರುನಬಿ ಖಾಲಿ ಕೊಡ ಹಿಡಿದು ಚರ್ಚಿನ ಗೇಟಿನಲ್ಲಿ ನಿಂತಿದ್ದಳು. ಹಿಂದಿನ ಓಣಿಯವಳು, ಮಗ್ಗದ ಮನೆಗಳಿಗೆ ನೂಲು ಸುತ್ತಿ ಕೊಟ್ಟು ಬದುಕುವವಳು. ಗದಗ ಜಿಲ್ಲೆಯಾದಾಗ ಇನ್ನು ನೀರಿಗೆ ಬರವಿಲ್ಲವೆಂದು ಆ ಓಣಿಯವರೂ ಪೇಢೆ ಹಂಚಿದ್ದರು. ಈಗ ನಳದಲ್ಲಿ ನೀರು ಬಂದು ಹದಿನಾಲ್ಕು ದಿನವಾಗಿತ್ತು. ಗೇಟಿನ ಒಳಗಿದ್ದವರು ಸತ್ಯಮಿತ್ರ ಮಾಸ್ತರರು. ನಿವೃತ್ತ ವಿಜ್ಞಾನ ಶಿಕ್ಷಕರು, ಚರ್ಚಿನ ಪರಿಸರ ಸಮಿತಿಯ ಅಧ್ಯಕ್ಷರು. ಚರ್ಚಿನ ಬೋರಿನ ನಳದ ಕೀಲಿ ಅವರ ಅಂಗಿಯ ಕಿಸೆಯಲ್ಲಿತ್ತು.

"ಒಂದ ಕೊಡ ಸಾಕ್ರಿ ಮಾಸ್ತರ," ಎಂದಳು ಖೈರುನಬಿ. "ಮಗಳು ಹಡದು ಇವತ್ತಿಗೆ ಆರು ದಿನ. ತಾಯಿ ಕೂಸಿಗೆ ಇವತ್ತು ಎರೀಬೇಕ್ರಿ."

ಮಾಸ್ತರರು ಕಲ್ಲು ಮನಸ್ಸಿನವರಲ್ಲ. ಕೂಸು ಗಂಡೋ ಹೆಣ್ಣೋ, ತೂಕ ಎಷ್ಟು ಎಂದೆಲ್ಲ ಅಕ್ಕರೆಯಿಂದ ಕೇಳಿದರು. ಆಮೇಲೆ ನಳದ ಮೇಲೆ ಅಂಟಿಸಿದ್ದ ಹಸಿರು ಕಾಗದವನ್ನು ತೋರಿಸಿದರು: ಅಂತರ್ಜಲ ದೇವರ ಒಡವೆ, ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಹನಿಯೂ ಹೊರಗೆ ಹೋಗಕೂಡದು. ಒಬ್ಬರಿಗೆ ಕೊಟ್ಟರೆ ಓಣಿಗೆ ಓಣಿಯೇ ಬಂದು ನಿಲ್ಲುತ್ತದೆ, ಬೋರು ಬತ್ತಿದರೆ ನೆಟ್ಟ ಗಿಡಗಳ ಗತಿ ಏನು ಎಂದು ಬಿಡಿಸಿ ಹೇಳಿದರು. ಬೇಕಾದರೆ ಒಂದು ಅರ್ಜಿ ಕೊಡಲಿ, ಬರುವ ತಿಂಗಳ ಸಭೆಯಲ್ಲಿ ತಾವೇ ಖುದ್ದಾಗಿ ಮಂಡಿಸುವುದಾಗಿ ಮಾತೂ ಕೊಟ್ಟರು. ಅಷ್ಟರಲ್ಲಿ ಚರ್ಚಿನ ಸಭಾಪಾಲಕಿ ಸುಗುಣಾ ಹನ್ನೆರಡನೆಯವರನ್ನು ಹುಡುಕುತ್ತ ಧಾವಿಸಿ ಬಂದರು. ಅವರ ಕಣ್ಣು ಮೊದಲು ಬಿದ್ದದ್ದು ಖೈರುನಬಿಯ ಕಾಲುಗಳ ಮೇಲೆ. ಬಿರುಕು ಬಿಟ್ಟ ಹಿಮ್ಮಡಿ, ಮೊಣಕಾಲ ತನಕ ಧೂಳು. ಸುಗುಣಾ ಅವರ ಮುಖ ಅರಳಿತು.

"ಅಕ್ಕಾರ, ಒಳಗ ಬರ್ರಿ. ನಿಮ್ಮ ಕಾಲು ತೊಳೀತೀವಿ."

"ಕಾಲಿಗೆ ಬ್ಯಾಡ್ರಿ ಬಾಯಾರ, ಕೊಡಕ್ಕ ಹಾಕ್ರಿ," ಎಂದಳು ಖೈರುನಬಿ.

ಎಷ್ಟು ತಮಾಷೆಯ ಹೆಂಗಸು ಎಂದು ಸುಗುಣಾ ಮನಸಾರೆ ನಕ್ಕರು. ಇದರಲ್ಲಿ ಮತದ ಮಾತಿಲ್ಲ, ಬರೀ ಮರ್ಯಾದೆಯ ಮಾತು ಎಂದು ಹೇಳಿ ಕೈಹಿಡಿದು ಒಳಗೆ ಕರೆದೊಯ್ದರು. ಈಗ ಒಲ್ಲೆನೆಂದರೆ ಇದ್ದ ಆಸೆಯೂ ಹೋದೀತೆಂದು ಖೈರುನಬಿ ಹನ್ನೆರಡನೆಯ ಕುರ್ಚಿಯಲ್ಲಿ ಕೂತಳು, ಕೊಡವನ್ನು ತೊಡೆಯ ಮೇಲಿಟ್ಟುಕೊಂಡೇ. ಸರದಿ ಬರುವ ತನಕ ಲೆಕ್ಕ ಹಾಕಿದಳು. ನಾಲ್ಕು ಮಂದಿಯ ಕಾಲಿಗೆ ಒಂದು ಕೊಡ ನೀರು ಬೇಕಾಗುತ್ತಿತ್ತು. ಅದರಲ್ಲಿ ಗುಲಾಬಿ ಪಕಳೆ ಬೇರೆ ತೇಲುತ್ತಿದ್ದವು.

ಸುಗುಣಾ ಅವಳ ಮುಂದೆ ಮೊಣಕಾಲೂರಿ, ತಂಬಿಗೆಯಿಂದ ನೀರು ಹನಿಸಿ, ಬಿರುಕು ಬಿರುಕನ್ನೂ ತಿಕ್ಕಿ ತೊಳೆದರು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಆ ಕೈ ಮೆತ್ತಗಿತ್ತು. ಮದುವೆಗೆ ಮೆಹಂದಿ ಹಚ್ಚಿದ ದಿನದಿಂದ ಖೈರುನಬಿಯ ಕಾಲನ್ನು ಇನ್ನೊಬ್ಬರು ಮುಟ್ಟಿರಲಿಲ್ಲ. ಅವಳ ಕಣ್ಣು ತುಂಬಿತು. ಮನೆಯಲ್ಲಿ ಕೂಸು ಎಣ್ಣೆ ಹಚ್ಚಿಸಿಕೊಂಡು ಕಾಯುತ್ತಿರುವಾಗ ತಾನಿಲ್ಲಿ ಕೂತು ಸುಖಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ನಿಮಗಾಗಿ ಏನು ಪ್ರಾರ್ಥಿಸಲಿ ಎಂದು ಸುಗುಣಾ ಕೇಳಿದರು.

"ನೀರ್ರಿ," ಎಂದಳು.

ಸುಗುಣಾ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಲೋಕದ ಬಾಯಾರಿದವರೆಲ್ಲರಿಗಾಗಿ, ಬತ್ತಿದ ನದಿಗಳಿಗಾಗಿ, ಕರಗುತ್ತಿರುವ ಹಿಮದ ಬೆಟ್ಟಗಳಿಗಾಗಿ, ನೀರನ್ನು ಬಚ್ಚಿಟ್ಟುಕೊಂಡವರ ಮನಸ್ಸು ಕರಗಲೆಂದು. ಅವರ ದನಿ ನಡುಗುತ್ತಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದವರು ಸತ್ಯಮಿತ್ರ ಮಾಸ್ತರರು.

ಎದ್ದು ನಿಂತ ಖೈರುನಬಿ ಧೈರ್ಯ ಮಾಡಿ, ಕಾಲು ತೊಳೆದ ಆ ಬೋಗುಣಿಯ ನೀರನ್ನಾದರೂ ಕೊಡಿ, ಕೂಸಿನ ಅರಿವೆ ತೊಳೆದುಕೊಳ್ಳುತ್ತೇನೆ ಎಂದು ಕೇಳಿದಳು. ಮಾಸ್ತರರಿಗೆ ಹಿಗ್ಗೋ ಹಿಗ್ಗು. ಬಳಸಿದ ನೀರನ್ನು ಮತ್ತೆ ಬಳಸುವ ತಿಳಿವಳಿಕೆಯನ್ನು ಇವರಿಂದ ಕಲಿಯಿರಿ ಎಂದು ಸಭೆಗೆಲ್ಲ ಹೇಳಿದರು. ಹೇಳಿ, ಕಾರ್ಯಕ್ರಮದಲ್ಲಿ ಅಚ್ಚಾಗಿದ್ದಂತೆ, ಬೋಗುಣಿಯನ್ನು ಅಂಗಳಕ್ಕೆ ಒಯ್ದು ಹೊಸ ಬೇವಿನ ಗಿಡದ ಬುಡಕ್ಕೆ ಸುರಿದರು. ಫೋಟೋ ತೆಗೆದರು, ಚಪ್ಪಾಳೆಯಾಯಿತು. ಕೊನೆಗೆ ಹನ್ನೆರಡೂ ಮಂದಿಗೆ ಒಂದೊಂದು ಹೊಂಗೆ ಸಸಿ ಕಾಣಿಕೆ ಬಂತು. ಹೊತ್ತೊಯ್ಯಲು ಅನುಕೂಲವಾಗಲೆಂದು ಮಾಸ್ತರರೇ ಖೈರುನಬಿಯ ಸಸಿಯನ್ನು ಅವಳ ಕೊಡದೊಳಗೆ ಇಳಿಸಿದರು.

"ದಿನಾ ಎರಡು ತಂಬಿಗಿ ನೀರು ತಪ್ಪಸಬ್ಯಾಡ್ರಿ. ಕೂಸಿನಂಗ ಜ್ವಾಪಾನ ಮಾಡ್ರಿ," ಎಂದರು.

ಓಣಿಯ ತಿರುವು ದಾಟುವಷ್ಟರಲ್ಲಿ ಒದ್ದೆ ಕಾಲಿಗೆ ಧೂಳು ಮೊದಲಿಗಿಂತ ಹೆಚ್ಚು ಮೆತ್ತಿಕೊಂಡಿತ್ತು. ಮನೆಯಲ್ಲಿ ಮಗಳು ಫರ್ಹಾನಾ ಒಲೆ ಹೊತ್ತಿಸಿ, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದಳು. ತಾಯಿಯ ಸೊಂಟದ ಮೇಲಿನ ಕೊಡ ಕಂಡದ್ದೇ ನೀರು ಸಿಕ್ಕಿತೇ ಎಂದು ಕೇಳಿದಳು.

ಖೈರುನಬಿ ಕೊಡ ಇಳಿಸಿದಳು. ಅದರ ಬಾಯಿಯಿಂದ ಎರಡು ಹಸಿರೆಲೆ ಹೊರಗೆ ಇಣುಕುತ್ತಿದ್ದವು.

"ಇಲ್ಲವ್ವಾ," ಎಂದಳು. "ನೀರು ಬೇಡೂ ಕೂಸು ಇನ್ನೊಂದು ಸಿಕ್ತು."