ಸುಳ್ಳು ಎನ್ನದ ಗುರುವಾರ

"ಸುಳ್ಳು!" ಎಂದ ದೊನಾತೊ, ಕೈಯಲ್ಲಿದ್ದ ಬಿಸ್ಕತ್ತನ್ನು ಟೀವಿಯತ್ತ ಚಾಚಿ. "ಪೊಲೀಸಿನೋನು ಕೊಡಲಿ ಎತ್ತಿದ ತಕ್ಷಣ ಬಿಯರ್ ಪೀಪಾಯಿ ಹಂಗೆ ಒಡೆದು ಹೋಗುತ್ತಾ? ಓಕ್ ಮರ ಅದು. ಹೊಡೆದವನ ಭುಜಾನೇ ಕಳಚಿ ಬೀಳುತ್ತೆ, ಅತ್ತಿಗೆ."

"ಮೊದಲು ಟೋಪಿ ತೆಗೆದು ಕೂತ್ಕೋ. ನನ್ನ ಮನೆ ಏನು ಬಸ್ ಸ್ಟ್ಯಾಂಡಾ?" ಎಂದಳು ಅಸ್ಸುಂತಾ, ಟೀವಿಯಿಂದ ಕಣ್ಣು ಕೀಳದೆ.

"ಬೋಳು ತಲೆ. ಶೀತ ಆಗುತ್ತೆ."

"ಆ ಶೀತ ನಿನ್ನ ಬಾಯಿಗಾದರೂ ಆಗಬಾರದಾ ಮಾರಾಯ, ನಾನು ಒಂದು ಗಂಟೆ ನೆಮ್ಮದಿಯಾಗಿ ನೋಡ್ತಿದ್ದೆ!"

ಗುರುವಾರ ಸಂಜೆ ಈ ಧಾರಾವಾಹಿ ಶುರುವಾದರೆ ಶಿಕಾಗೊದ ನಮ್ಮ ಟೇಲರ್ ಬೀದಿಯಲ್ಲಿ ನಾಯಿಯೂ ಬೊಗಳುತ್ತಿರಲಿಲ್ಲ. ಪಾನನಿಷೇಧದ ಕಾಲದ ಕಳ್ಳಸಾಗಣೆಯವರ ಕಥೆ. ನಮ್ಮ ಇಟಲಿಯವರ ಮಾನ ಕಳೆಯುತ್ತಿದ್ದಾರೆ ಎಂದು ಪಾದ್ರಿಯ ಮುಂದೆ ಕೂಗಾಡಿದವರೂ ಬಾಗಿಲು ಹಾಕಿಕೊಂಡು ನೋಡುವವರೇ. ಅಡುಗೆಮನೆಯಲ್ಲಿ ಸಾರಾಯಿ ಕಾಯಿಸಿ ಮಕ್ಕಳನ್ನು ಸಾಕಿದ ಜನ ಅವರು. ತಾವು ಕದ್ದುಮುಚ್ಚಿ ಬದುಕಿದ ಕಾಲವೇ ಕಪ್ಪು ಕಾರು ಹತ್ತಿ, ವಾದ್ಯದ ಸಮೇತ ಮನೆಯೊಳಗೆ ಬರುವುದನ್ನು ಕಂಡು ಎಲ್ಲರ ಮೈ ಜುಮ್ಮೆನ್ನುತ್ತಿತ್ತು.

ಅಸ್ಸುಂತಾಳ ಬೆರಗು ಮಾತ್ರ ಬೇರೆ ಬಗೆಯದು. ಅವಳ ಗಂಡ ನುನ್ಸಿಯೊ ಆಗ ಬಿಯರ್ ಲಾರಿ ಓಡಿಸುತ್ತಿದ್ದ. ಅವನನ್ನು ಅಣ್ಣ ಎನ್ನುತ್ತಿದ್ದ ದೊನಾತೊ ಅದರ ಕ್ಲೀನರ್. ಮೂವತ್ತು ವರ್ಷದ ಹಿಂದೆ ಒಂದು ದಿನ ಇಬ್ಬರೂ ಹೋದರು, ದೊನಾತೊ ಒಬ್ಬನೇ ಬಂದ. "ಡೆಟ್ರಾಯಿಟ್‌ಗೆ ಕಳಿಸಿದಾರೆ, ಬರ್ತಾನೆ" ಎಂದ. ನುನ್ಸಿಯೊ ಬರಲಿಲ್ಲ. ಯಾವಳ ಜೊತೆಗೋ ಓಡಿಹೋದ ಎಂದು ಬೀದಿ ಮಾತಾಡಿಕೊಂಡಿತು. ಹೆಣ ಸಿಗದ ಮೇಲೆ ಇಗರ್ಜಿಯಲ್ಲಿ ಸತ್ತವರ ಪೂಜೆಯಿಲ್ಲ, ವಿಧವೆಯ ಕಪ್ಪು ಉಡುಪೂ ಇಲ್ಲ. ಅತ್ತ ಮುತ್ತೈದೆಯಲ್ಲ, ಇತ್ತ ವಿಧವೆಯಲ್ಲ ಎನ್ನುವಂತೆ ಅವಳು ನೀಲಿ ಗೌನು ತೊಟ್ಟುಕೊಂಡೇ ಮುದುಕಿಯಾದಳು.

ಆದರೆ ಈ ಪೆಟ್ಟಿಗೆಯೊಳಗೆ ಯಾರೇ ಸಾಯಲಿ, ಒಂದು ಗಂಟೆಯೊಳಗೆ ಎಲ್ಲ ಗೊತ್ತಾಗುತ್ತಿತ್ತು. ಕೊನೆಗೆ ಕಳ್ಳಸಾಗಣೆಯವರನ್ನು ಹಿಡಿಯುವ ಪೊಲೀಸ್ ಅಧಿಕಾರಿ ಸತ್ತವನ ಮನೆಗೆ ಹೋಗಿ, ಬಾಗಿಲು ತಟ್ಟಿ, ಟೋಪಿ ತೆಗೆದು, ಹೆಂಡತಿಗೆ ವಿಷಯ ಹೇಳುತ್ತಿದ್ದ. ಆ ಹೊತ್ತಿಗೆ ಅಸ್ಸುಂತಾ ಇಗರ್ಜಿಯಲ್ಲಿ ಕೂತಂತೆ ಕೈ ಜೋಡಿಸುತ್ತಿದ್ದಳು. "ಎಂಥ ದೊಡ್ಡ ಮನುಷ್ಯ ನೋಡು! ತಾನೇ ಬಂದು ಹೇಳ್ತಾನೆ" ಎಂದು ವಾರವಾರವೂ ಹೊಸದಾಗಿ ಬೆರಗಾಗುತ್ತಿದ್ದಳು. "ಸುಳ್ಳು. ಯಾವನೂ ಬಂದು ಹೇಳಲ್ಲ" ಎಂದು ದೊನಾತೊ ಗೊಣಗುತ್ತಿದ್ದ.

ಇವತ್ತಿನ ಕಥೆಯಲ್ಲಿ ಬಿಯರ್ ತುಂಬಿದ ಲಾರಿಯೊಂದು ಕಾಲುವೆಯ ಪಕ್ಕ ಬಂತು. ಸೇತುವೆಯ ಹತ್ತಿರ ಇಬ್ಬರು ಅಡ್ಡ ನಿಂತರು. ಡ್ರೈವರ್ ಕೈ ಮೇಲೆತ್ತಿ ಇಳಿದು, ಏನೋ ತಮಾಷೆಯ ಮಾತು ಹೇಳಿ ನಕ್ಕ. ಅವರೂ ನಕ್ಕರು. ಆಮೇಲೆ ಗುಂಡಿನ ಸದ್ದು, ನೀರಿನ ಸದ್ದು. ಅಷ್ಟರಲ್ಲಿ ಸೋಪಿನ ಜಾಹೀರಾತು ಬಂತು.

ಜಾಹೀರಾತು ಬಂದಾಗ ಎದ್ದು ಹೋಗಿ ಒಲೆಯ ಮೇಲಿನ ಕಾಫಿ ತರುವುದು ಅಸ್ಸುಂತಾಳ ರೂಢಿ. ಇವತ್ತು ಏಳಲಿಲ್ಲ. ಅವಳು ಕಾಯುತ್ತಿದ್ದ ಒಂದು ಮಾತು ಕೇಳಿಸಲಿಲ್ಲ.

"ದೊನಾತೊ, ನೀನು ಸುಳ್ಳು ಅನ್ನಲಿಲ್ಲ."

ಅವನು ಕೈಯಲ್ಲಿದ್ದ ಬಿಸ್ಕತ್ತನ್ನೇ ನೋಡುತ್ತಿದ್ದ.

"ಅನ್ನು. ಕಾಲುವೆ ಹಂಗಿರಲ್ಲ, ಲಾರಿ ಹಂಗಿರಲ್ಲ, ಏನಾದರೂ ಅನ್ನು."

ಅವನು ಹೆದರಬೇಕಾದವರೆಲ್ಲ ಸತ್ತು ಎಷ್ಟೋ ವರ್ಷವಾಗಿತ್ತು. ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ ಮಾತ್ರ ಹಾಗೇ ಉಳಿದುಬಿಟ್ಟಿತ್ತು. ಅವನು ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟು ಎದ್ದು ನಿಂತ. ತಲೆಯ ಮೇಲಿನ ಟೋಪಿ ತೆಗೆದು, ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡ.

ಅಸ್ಸುಂತಾಳ ಕೈಗಳು ತಾವಾಗಿ ಜೋಡಿಕೊಂಡವು.

"ನಾನು ಲಾರಿ ಹಿಂದುಗಡೆ ಇದ್ದೆ, ಅತ್ತಿಗೆ. ಪೀಪಾಯಿಗಳ ಮಧ್ಯೆ. ಉಸಿರು ಬಿಗಿಹಿಡಿದು ಬಚ್ಚಿಟ್ಕೊಂಡಿದ್ದೆ. ನುನ್ಸಿಯೊ, ಒಬ್ಬನೇ ಇದೀನಿ ಅಂತ ಅವರಿಗೆ ಹೇಳಿ ನನ್ನ ಉಳಿಸಿದ."

"ನಗ್ತಿದ್ನಾ?"

"ನಗ್ತಾನೇ ಇದ್ದ. ಹೆಂಡತಿ ತಟ್ಟೆ ಹಾಕ್ಕೊಂಡು ಕಾಯ್ತಿರ್ತಾಳೆ, ಬೇಗ ಮುಗಿಸ್ರಪ್ಪಾ ಅಂದ."

ಟೀವಿಯಲ್ಲಿ ಕಥೆ ಮತ್ತೆ ಶುರುವಾಗಿತ್ತು. ಅಧಿಕಾರಿ ಡ್ರೈವರನ ಮನೆಯ ಮೆಟ್ಟಿಲು ಹತ್ತುತ್ತಿದ್ದ. ಇಬ್ಬರೂ ಅತ್ತ ನೋಡಲಿಲ್ಲ.

"ಮೂವತ್ತು ವರ್ಷ ಅವನನ್ನ ಬೈಕೊಂಡು ಮಲಗಿದೆನಲ್ಲೋ," ಎಂದಳು. ಧ್ವನಿಯಲ್ಲಿ ಸಂಕಟವಿತ್ತು, ಅದಕ್ಕಿಂತ ಹೆಚ್ಚಾಗಿ, ಗಂಡ ಮನೆಗೆ ಬಂದುಬಿಟ್ಟನೇನೋ ಎನ್ನುವಂಥ ಬೆರಗಿತ್ತು. "ಓಡಿ ಹೋಗಿರಲಿಲ್ಲ. ನನ್ನ ಹತ್ರಾನೇ ಬರ್ತಿದ್ದ."

ಅವಳು ಎದ್ದು ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು. ಒಲೆಯ ಗುಂಡಿ ತಿರುಗಿಸಿ ಉರಿ ಆರಿಸಿದಳು.

"ದೊನಾತೊ, ನಾಳೆ ಈ ಒಲೆ ಹಚ್ಚಲ್ಲ," ಎಂದು ಅಲ್ಲಿಂದಲೇ ಹೇಳಿದಳು. "ನಿನ್ನ ಹೆಂಡತಿಗೆ ಹೇಳು. ಸಾವಿನ ಮನೆಗೆ ಊಟ ಕಳಿಸಲಿ."